ದೂರ ಎಷ್ಟು, ಹೊತ್ತು ಎಷ್ಟು? ಕಾರ್ಪೆಂಟೇರಿಯಾ ಕೊಲ್ಲಿಯ ವಿಮಾನನಿಲ್ದಾಣಗಳನ್ನು ಕುರಿತು

(ನಮ್ಮ ಸಂಘದ ಅತಿಥಿ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಅವನು ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ನಾಲ್ಕು ಹಿತವಚನ ಹೇಳಿ, ಅನಂತರ ಊಟದ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ಎರಡನೆಯ ಸಲ ತುಪ್ಪ ಹಾಕಿಸಿಕೊಳ್ಳುತ್ತಾನೆ ಎಂಬುದು ತಮಗೆಲ್ಲ ಅನುಭವದಿಂದ ತಿಳಿದ ಸಂಗತಿ. ಊಟದ ಭಾಗವನ್ನು ನಾನು ಹಾಗೆಯೇ ಉಳಿಸಿಕೊಳ್ಳುತ್ತೇನೆ. ಮಾತಿನ ಭಾಗವನ್ನು ಮಾತ್ರ ಬದಲಿಸುವುದಕ್ಕೆ ತಮ್ಮ ಅಪ್ಪಣೆ ಬೇಡುತ್ತೇನೆ. ಇಂದು ನಾನು ಆರಿಸಿಕೊಂಡಿರುವ ಪ್ರಶ್ನೆ ನೋಡುವುದಕ್ಕೆ ಬಹಳ ಸಣ್ಣದು. ಊರಾಚೆಯ ಎರಡು ಚಿಕ್ಕ ವಿಮಾನನಿಲ್ದಾಣಗಳ ನಡುವೆ ದೂರ ಎಷ್ಟು, ಹಾರುವುದಕ್ಕೆ ಹಿಡಿಯುವ ಹೊತ್ತು ಎಷ್ಟು? ಪ್ರಾಥಮಿಕ ಶಾಲೆಯ ಮಗು ಕೂಡ ದೂರವನ್ನು ವೇಗದಿಂದ ಭಾಗಿಸಿ ಉತ್ತರ ಹೇಳಬಲ್ಲದು. ಆ ಉತ್ತರ ರೋಗಿಯ ಪಾಲಿಗೆ ಏಕೆ ತಪ್ಪಾಗುತ್ತದೆ ಎಂಬುದೇ ನನ್ನ ವಿಷಯ.

ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶಕ್ಕೆ ಬಂದು ರೆಸಿಡೆನ್ಸಿ ಪೂರೈಸಿದ ಮೇಲೆ, ವಾಯವ್ಯ ಕ್ವೀನ್ಸ್‌ಲೆಂಡಿನಲ್ಲಿ ಕೆಲವು ವರ್ಷ ಕೆಲಸ ಮಾಡುವ ಅವಕಾಶ ನನಗೆ ಒದಗಿತು. ಕ್ವೀನ್ಸ್‌ಲೆಂಡ್ ರಾಜ್ಯದ ವಿಸ್ತಾರದಲ್ಲಿ ನಮ್ಮ ಒಂಬತ್ತು ಕರ್ನಾಟಕಗಳು ಹಿಡಿಸುತ್ತವೆ. ಜನಸಂಖ್ಯೆಯಾದರೋ ಬೆಂಗಳೂರು ಒಂದರ ಜನಸಂಖ್ಯೆಗಿಂತಲೂ ಕಡಿಮೆ. ಅದರಲ್ಲಿಯೂ ಬಹುಪಾಲು ಜನ ಆಗ್ನೇಯದ ಮೂಲೆಯಲ್ಲಿ, ಸಮುದ್ರದ ಅಂಚಿಗೆ ಅಂಟಿಕೊಂಡು ಬದುಕುತ್ತಾರೆ. ಉಳಿದ ವಿಸ್ತಾರದಲ್ಲಿ ದನಗಳ ದೊಡ್ಡ ದೊಡ್ಡ ಹಿಡುವಳಿಗಳು, ಗಣಿಗಳು, ಮೂಲನಿವಾಸಿಗಳ ಊರುಗಳು. ಮೌಂಟ್ ಐಸಾ ಎಂಬುದು ತಾಮ್ರ, ಸೀಸ, ಸತು, ಬೆಳ್ಳಿಗಳ ಗಣಿಯ ಸುತ್ತ ಬೆಳೆದ ಪಟ್ಟಣ. ಅದರ ಉತ್ತರಕ್ಕೆ ಕಾರ್ಪೆಂಟೇರಿಯಾ ಕೊಲ್ಲಿಯ ವರೆಗೆ ಡೂಮಜಿ, ಬರ್ಕ್‌ಟೌನ್, ನಾರ್ಮಂಟನ್ ಎಂಬ ಊರುಗಳು. ಕೊಲ್ಲಿಯ ನೀರಿನಲ್ಲಿ ಮಾರ್ನಿಂಗ್ಟನ್ ದ್ವೀಪ. ದ್ವೀಪದವರು ಹೆಚ್ಚಾಗಿ ಲಾರ್ಡಿಲ್ ಜನ. ಸಾವಿರ ಚಿಲ್ಲರೆ ಜನರಿರುವ ಈ ಊರುಗಳಿಗೂ ಮುನ್ನೂರರೊಳಗಿನ ಜನರಿರುವ ಬರ್ಕ್‌ಟೌನಿಗೂ ಒಂದೊಂದು ವಿಮಾನನಿಲ್ದಾಣವಿದೆ. ನಿಲ್ದಾಣವೆಂದರೆ ತಾವು ಕೆಂಪೇಗೌಡ ನಿಲ್ದಾಣವನ್ನು ನೆನೆಯಬಾರದು. ಒಂದು ರನ್‌ವೇ, ಒಂದು ತಗಡಿನ ಸೂರು, ಗಾಳಿಯ ದಿಕ್ಕು ತೋರುವ ಒಂದು ಬಟ್ಟೆಯ ಚೀಲ.

ಕೇರ್ನ್ಸ್‌ನಿಂದ ಮೌಂಟ್ ಐಸಾಕ್ಕೆ, ಭೂಗೋಳದ ಮೇಲೆ ದಾರ ಹಿಡಿದು ಅಳೆದರೆ, ಸುಮಾರು 780 ಕಿಲೋಮೀಟರು. ಬೆಂಗಳೂರಿನಿಂದ ಮುಂಬಯಿಗೆ ಇರುವ ವಾಯುದೂರಕ್ಕಿಂತ ತುಸು ಕಡಿಮೆ. ಆದರೆ ಈ ಊರುಗಳನ್ನೆಲ್ಲ ಮುಟ್ಟಿಕೊಂಡು ಹೋಗುವ ವಿಮಾನವೊಂದಿದೆ. ಸರ್ಕಾರದ ಸಹಾಯಧನವಿಲ್ಲದೆ ಅಂಥ ಮಾರ್ಗ ಬದುಕುವುದಿಲ್ಲ. ಮನೆಮನೆಗೆ ಹಾಲು ಹಾಕುವವನ ಹಾಗೆ ಹೋಗುವುದರಿಂದ ಜನ ಅದನ್ನು ‘ಮಿಲ್ಕ್ ರನ್’ ಎನ್ನುತ್ತಾರೆ. ಕೇರ್ನ್ಸ್‌ನಿಂದ ನಾರ್ಮಂಟನ್ 506 ಕಿಲೋಮೀಟರು. ಅಲ್ಲಿಂದ ಮಾರ್ನಿಂಗ್ಟನ್ ದ್ವೀಪ 230. ದ್ವೀಪದಿಂದ ಬರ್ಕ್‌ಟೌನ್ 126. ಬರ್ಕ್‌ಟೌನಿನಿಂದ ಡೂಮಜಿ 78. ಡೂಮಜಿಯಿಂದ ಮೌಂಟ್ ಐಸಾ 309. ಅಕ್ಷಾಂಶ ರೇಖಾಂಶಗಳಿಂದ ನಾನೇ ಮಾಡಿದ ಲೆಕ್ಕ ಇದು. ಒಂದೆರಡು ಕಿಲೋಮೀಟರು ಆಚೀಚೆ ಇರಬಹುದು. ಒಟ್ಟು ಸುಮಾರು 1,250. ಅಂದರೆ 780 ಕಿಲೋಮೀಟರು ದೂರದ ಊರಿಗೆ ಪ್ರಯಾಣಿಕನು 1,250 ಕಿಲೋಮೀಟರು ಹಾರಿ ತಲುಪುತ್ತಾನೆ. ಆ ನಡುವೆ ನಾಲ್ಕು ಸಲ ಇಳಿದು ನಾಲ್ಕು ಸಲ ಏರುತ್ತಾನೆ. ಹತ್ತುವವರು, ಇಳಿಯುವವರು, ಅಂಚೆಚೀಲ, ಔಷಧದ ಪೆಟ್ಟಿಗೆ, ಯಾರದೋ ಮನೆಯ ಹುಟ್ಟುಹಬ್ಬದ ಕೇಕು, ಎಲ್ಲಕ್ಕೂ ಹೊತ್ತು ಬೇಕು.

ಈ ಮಾರ್ಗದಲ್ಲಿ ಹಾರುತ್ತಿದ್ದ ಸಾಬ್ 340 ಮಾದರಿಯ ಮೂವತ್ತನಾಲ್ಕು ಆಸನದ ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರು. ಶಾಲೆಯ ಗಣಿತದ ಪ್ರಕಾರ ಬರ್ಕ್‌ಟೌನಿನಿಂದ ಡೂಮಜಿಗೆ ಒಂಬತ್ತೂವರೆ ನಿಮಿಷ ಸಾಕು. ಆದರೆ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದೆ ಯಾರೂ ಆ ದಾರಿಯನ್ನು ಮುಗಿಸುವುದಿಲ್ಲ. ಎಂಜಿನು ಚಾಲೂ ಆಗಿ, ರನ್‌ವೇಯ ಕೊನೆಗೆ ತೆವಳಿ ಹೋಗಿ, ತಿರುಗಿ, ಏರಿ, ಪೂರ್ಣ ವೇಗ ಪಡೆಯುವಷ್ಟರಲ್ಲಿ ಇಳಿಯುವ ಸಿದ್ಧತೆ ಆರಂಭವಾಗಿರುತ್ತದೆ. ಹೀಗಾಗಿ ವಿಮಾನದವರು ಹಾರಾಟದ ಕಾಲವನ್ನು ಗಾಳಿಯಲ್ಲಿದ್ದಷ್ಟು ಹೊತ್ತಿನಿಂದ ಎಣಿಸುವುದಿಲ್ಲ. ಗಾಲಿಗೆ ಕೊಟ್ಟ ಅಡೆಯನ್ನು ತೆಗೆದ ಕ್ಷಣದಿಂದ ಮತ್ತೆ ಅಡೆ ಕೊಡುವ ಕ್ಷಣದ ವರೆಗೆ ಎಣಿಸುತ್ತಾರೆ. ಅದಕ್ಕೆ ‘ಬ್ಲಾಕ್ ಟೈಮ್’ ಎಂದು ಹೆಸರು. ದಾರಿ ಚಿಕ್ಕದಾದಷ್ಟೂ ಗಾಳಿಯ ಕಾಲಕ್ಕೂ ಈ ಕಾಲಕ್ಕೂ ಇರುವ ಅಂತರ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ಸಿಡ್ನಿಯಿಂದ ಸಿಂಗಪುರಕ್ಕೆ ಹೋಗುವವನಿಗೆ ಹತ್ತು ನಿಮಿಷ ಲೆಕ್ಕಕ್ಕಿಲ್ಲ. ಡೂಮಜಿಗೆ ಹೋಗುವವನಿಗೆ ಅದೇ ಪ್ರಯಾಣದ ಅರ್ಧ.

ಗಾಳಿಯ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ವಿದ್ಯಾವಂತರೂ ಎಡವುವುದನ್ನು ಕಂಡಿದ್ದೇನೆ. ಹೋಗುವಾಗ ಬೆನ್ನಿಗೆ ಬೀಸಿದ ಗಾಳಿ ಬರುವಾಗ ಎದೆಗೆ ಬೀಸುತ್ತದೆ, ಆದುದರಿಂದ ಲಾಭನಷ್ಟ ಸಮವೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಐನೂರು ಕಿಲೋಮೀಟರು ದಾರಿ, ಐನೂರರ ವೇಗ, ಐವತ್ತರ ಗಾಳಿ ಎಂದಿಟ್ಟುಕೊಳ್ಳಿ. ಹೋಗುವಾಗ ಐದೂವರೆ ನಿಮಿಷ ಉಳಿಯುತ್ತದೆ. ಬರುವಾಗ ಆರು ನಿಮಿಷ ನಲವತ್ತು ಸೆಕೆಂಡು ಹೋಗುತ್ತದೆ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾದುದರಿಂದ ನಷ್ಟವೇ ಮೇಲುಗೈ. ಗಾಳಿಯ ಮಾತು ಬಂದುದರಿಂದ ಇದನ್ನೂ ಸೇರಿಸುತ್ತೇನೆ. ಬರ್ಕ್‌ಟೌನಿನಲ್ಲಿ ಸೆಪ್ಟೆಂಬರಿನಿಂದ ನವೆಂಬರಿನ ವರೆಗೆ ಕೆಲವು ಬೆಳಗುಗಳಲ್ಲಿ ದಿಗಂತದಿಂದ ದಿಗಂತಕ್ಕೆ ಚಾಪೆ ಸುತ್ತಿಟ್ಟಂತೆ ಒಂದೇ ಮೋಡ ಉರುಳಿಕೊಂಡು ಬರುತ್ತದೆ. ‘ಮಾರ್ನಿಂಗ್ ಗ್ಲೋರಿ’ ಎಂದು ಅದರ ಹೆಸರು. ಗ್ಲೈಡರು ಹಾರಿಸುವವರು ಅದಕ್ಕಾಗಿಯೇ ದೂರದೂರದಿಂದ ಬಂದು ಕಾದು ಕುಳಿತಿರುತ್ತಾರೆ. ಆ ಕಡೆ ಹೋಗುವ ಯೋಗವಿದ್ದವರು ನೋಡಿ ಬನ್ನಿ.

ಇಷ್ಟು ಆರೋಗ್ಯವಂತ ಪ್ರಯಾಣಿಕನ ಗಣಿತ. ರೋಗಿಯ ಗಡಿಯಾರ ಬೇರೆ ಕಡೆ ಆರಂಭವಾಗುತ್ತದೆ. ಇದನ್ನು ಈ ದೇಶ ಕಲಿತದ್ದು ಒಂದು ಸಾವಿನಿಂದ. ಆ ಕತೆ ಕೊಲ್ಲಿಯ ಪ್ರದೇಶದ್ದಲ್ಲ. ಖಂಡದ ಇನ್ನೊಂದು ಮೂಲೆಯ, ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ್ದು.

1917ರಲ್ಲಿ ಹಾಲ್ಸ್ ಕ್ರೀಕ್ ಎಂಬ ಊರಿನ ಬಳಿ ಜಿಮ್ಮಿ ಡಾರ್ಸಿ ಎಂಬ ದನಗಾಹಿ ಕುದುರೆಯಿಂದ ಬಿದ್ದು ಒಳಪೆಟ್ಟು ಮಾಡಿಕೊಂಡ. ಊರಿನಲ್ಲಿ ವೈದ್ಯನಿರಲಿಲ್ಲ, ಇದ್ದವನು ಪ್ರಥಮ ಚಿಕಿತ್ಸೆ ಬಲ್ಲ ಅಂಚೆ ಮಾಸ್ತರ ಟಕೆಟ್. ಆತ ತಂತಿಯ ಮೂಲಕ ಪರ್ತ್ ನಗರದ ಡಾಕ್ಟರ್ ಹಾಲೆಂಡ್ ಅವರನ್ನು ಹಿಡಿದ. ಮೂತ್ರಕೋಶ ಒಡೆದಿದೆ, ಕೂಡಲೇ ಶಸ್ತ್ರಕ್ರಿಯೆ ಆಗಬೇಕು ಎಂದು ವೈದ್ಯರ ತೀರ್ಮಾನ. ಮಾಡುವವರಾರು? ಮೋರ್ಸ್ ಸಂಕೇತದಲ್ಲಿ ಒಂದೊಂದೇ ಸೂಚನೆ ಬರುತ್ತಿರಲು, ಅಂಚೆ ಮಾಸ್ತರನು ಚಾಕುವಿನಿಂದ ಆ ಶಸ್ತ್ರಕ್ರಿಯೆಯನ್ನು ಮಾಡಿದ. ಅರಿವಳಿಕೆಯಿಲ್ಲ. ಆಶ್ಚರ್ಯವೆಂದರೆ ಶಸ್ತ್ರಕ್ರಿಯೆ ಕೈಗೂಡಿತು. ಇತ್ತ ಡಾಕ್ಟರ್ ಹಾಲೆಂಡ್ ದನ ಸಾಗಿಸುವ ಹಡಗು ಹತ್ತಿ ಡರ್ಬಿ ಬಂದರಿಗೆ ಬಂದರು. ಅಲ್ಲಿಂದ ಫೋರ್ಡ್ ಮೋಟಾರಿನಲ್ಲಿ, ಅದು ಕೆಟ್ಟಲ್ಲಿ ಬೇರೆ ಬಗೆಯಲ್ಲಿ ದಾರಿ ಸವೆಸಿ, ಹತ್ತು ದಿನಕ್ಕೂ ಮಿಕ್ಕಿದ ಪ್ರಯಾಣದ ಕೊನೆಗೆ ಹಾಲ್ಸ್ ಕ್ರೀಕ್ ಸೇರಿದರು. ರೋಗಿ ಹಿಂದಿನ ದಿನ ತೀರಿಕೊಂಡಿದ್ದ. ಕೊಂದದ್ದು ಗಾಯವಲ್ಲ, ಮಲೇರಿಯಾ ಎಂದು ಹೇಳುತ್ತಾರೆ. ವೈದ್ಯರು ಪಕ್ಕದಲ್ಲಿದ್ದಿದ್ದರೆ ಅದನ್ನು ಗುರುತಿಸಬಹುದಾಗಿತ್ತು.

ಡರ್ಬಿ ಮತ್ತು ಹಾಲ್ಸ್ ಕ್ರೀಕ್ ಎರಡರಲ್ಲಿಯೂ ಈಗ ವಿಮಾನನಿಲ್ದಾಣಗಳಿವೆ. ನಡುವೆ ರಸ್ತೆಯಲ್ಲಿ ಸುಮಾರು 550 ಕಿಲೋಮೀಟರು, ಗಾಳಿಯಲ್ಲಿ ಸುಮಾರು 435; ಇಂದಿನ ಆಂಬ್ಯುಲೆನ್ಸ್ ವಿಮಾನಕ್ಕೆ ಒಂದು ಗಂಟೆಯ ದಾರಿ.

ಇದೇ 1917ರ ಕೊನೆಯಲ್ಲಿ, ವೈದ್ಯಕೀಯ ಓದುತ್ತಿದ್ದು ಯುದ್ಧಕ್ಕಾಗಿ ವಿಮಾನ ಹಾರಿಸಲು ಹೋಗಿದ್ದ ಕ್ಲಿಫರ್ಡ್ ಪೀಲ್ ಎಂಬ ಯುವಕ, ಒಳನಾಡಿನಲ್ಲಿ ಸೇವೆ ನಡೆಸುತ್ತಿದ್ದ ಪಾದ್ರಿ ಜಾನ್ ಫ್ಲಿನ್ ಅವರಿಗೆ ಒಂದು ಪತ್ರ ಬರೆದ. ವಿಮಾನದಲ್ಲಿ ವೈದ್ಯರನ್ನು ಕಳುಹಿಸಬಹುದು ಎಂಬ ಯೋಜನೆಯನ್ನು ವೇಗ ವೆಚ್ಚಗಳ ವಿಚಾರ ಸಹಿತ ಅದರಲ್ಲಿ ವಿವರಿಸಿದ್ದ. ಮರುವರ್ಷವೇ ಫ್ರಾನ್ಸಿನಲ್ಲಿ ಆತ ಮಡಿದ. ಫ್ಲಿನ್ ಆ ಪತ್ರವನ್ನು ಬಿಡಲಿಲ್ಲ. 1928ರ ಮೇ 17ರಂದು ಕ್ಲಾಂಕರಿಯಿಂದ ಜೂಲಿಯಾ ಕ್ರೀಕಿಗೆ ಡಾಕ್ಟರ್ ಸೇಂಟ್ ವಿನ್ಸೆಂಟ್ ವೆಲ್ಚ್ ಅವರನ್ನು ಹೊತ್ತು ಮೊದಲ ವಿಮಾನ ಹಾರಿತು. ನಡೆಸಿದವರು ಆರ್ಥರ್ ಅಫ್ಲೆಕ್. ಮರ ಮತ್ತು ಬಟ್ಟೆಯಿಂದ ಮಾಡಿದ ಆ ವಿಮಾನವನ್ನು ಕ್ವಾಂಟಾಸ್ ಕಂಪನಿಯಿಂದ ಮೈಲಿಗೆ ಎರಡು ಶಿಲಿಂಗಿನಂತೆ ಬಾಡಿಗೆಗೆ ಪಡೆದಿದ್ದರು. ದೂರ 85 ಮೈಲಿ. ವೇಗ ಗಂಟೆಗೆ ಎಂಬತ್ತು ಮೈಲಿಗೂ ತುಸು ಕಡಿಮೆ. ರೇಡಿಯೋ ಇಲ್ಲ, ದಾರಿಗೆ ದಿಕ್ಸೂಚಿ, ಕೆಳಗೆ ಕಾಣುವ ತಂತಿಕಂಬ, ಬೇಲಿ, ನದಿಗಳೇ ಗುರುತು. ಮೊದಲ ವರ್ಷ ಐವತ್ತು ಹಾರಾಟಗಳಲ್ಲಿ 225 ರೋಗಿಗಳಿಗೆ ಚಿಕಿತ್ಸೆ ದೊರೆಯಿತು. ಇಂದಿನ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ಬೆಳೆದದ್ದು ಅಲ್ಲಿಂದ.

ಈ ಚರಿತ್ರೆಯನ್ನು ಹೇಳುವವರು ವಿಮಾನವನ್ನೇ ನಾಯಕನನ್ನಾಗಿ ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಾಯಕನ ಪಟ್ಟ ಇನ್ನೊಂದು ಯಂತ್ರಕ್ಕೆ ಸಲ್ಲಬೇಕು. 1928ರಲ್ಲಿ ವಿಮಾನ ಬಂದಾಗ, ರೋಗಿಯಿರುವ ಹಿಡುವಳಿಯಿಂದ ವೈದ್ಯರಿಗೆ ಸುದ್ದಿ ಮುಟ್ಟಬೇಕಾದರೆ ಯಾರಾದರೂ ಕುದುರೆಯ ಮೇಲೆ ತಂತಿಯಿರುವ ಊರಿಗೆ ಹೋಗಬೇಕಾಗಿತ್ತು. ಹಾರಾಟಕ್ಕೆ ಒಂದು ಗಂಟೆ. ಕರೆಗೆ ಎರಡು ದಿನ. 1929ರಲ್ಲಿ ಆಲ್‌ಫ್ರೆಡ್ ಟ್ರೇಗರ್ ಎಂಬ ತಂತ್ರಜ್ಞ, ಹೊಲಿಗೆಯಂತ್ರದ ಹಾಗೆ ಕಾಲಿನಿಂದ ತುಳಿದು ವಿದ್ಯುತ್ತು ಉತ್ಪಾದಿಸುವ ರೇಡಿಯೋ ರೂಪಿಸಿ, ಇದೇ ಕೊಲ್ಲಿ ಪ್ರದೇಶದ ಆಗಸ್ಟಸ್ ಡೌನ್ಸ್ ಎಂಬ ಹಿಡುವಳಿಯಲ್ಲಿ ಮೊದಲಿಗೆ ಅಳವಡಿಸಿದ. ಆ ಪೆಡಲು ಉಳಿಸಿದಷ್ಟು ಗಂಟೆಗಳನ್ನು ಆ ಮೇಲೆ ಬಂದ ಯಾವ ಎಂಜಿನೂ ಉಳಿಸಿಲ್ಲ. 1942ರಿಂದ ಹಿಡುವಳಿಗಳಿಗೆ ಔಷಧದ ಪೆಟ್ಟಿಗೆಗಳನ್ನು ಹಂಚಿದರು. ಪ್ರತಿ ಔಷಧಕ್ಕೂ ಒಂದು ಸಂಖ್ಯೆ. ವೈದ್ಯರು ರೇಡಿಯೋದಲ್ಲಿ ಇಂಥ ಸಂಖ್ಯೆಯ ಗುಳಿಗೆಯನ್ನು ಇಷ್ಟು ಕೊಡಿ ಎಂದರೆ ಸಾಕು, ಔಷಧದ ಹೆಸರು ಓದಲು ಬಾರದವರೂ ಕೊಡಬಹುದಾಗಿತ್ತು. ವಿಮಾನ ಹೊರಡುವ ಮೊದಲೇ ಚಿಕಿತ್ಸೆ ಆರಂಭವಾಗುತ್ತಿತ್ತು.

ಇನ್ನು ನಮ್ಮ ಕಾಲಕ್ಕೆ ಬರೋಣ. ಮಾರ್ನಿಂಗ್ಟನ್ ದ್ವೀಪದಿಂದ ಮೌಂಟ್ ಐಸಾಕ್ಕೆ ನೇರ ದೂರ ಸುಮಾರು 445 ಕಿಲೋಮೀಟರು. ಆಂಬ್ಯುಲೆನ್ಸ್ ಕೆಲಸಕ್ಕೆ ಬಳಸುವ ಕಿಂಗ್ ಏರ್ ವಿಮಾನದ ವೇಗವೂ ಗಂಟೆಗೆ ಐನೂರರ ಆಸುಪಾಸು. ಹಾರಾಟ ಒಂದು ಗಂಟೆ ಎನ್ನಿ. ರಾತ್ರಿ ಒಂಬತ್ತಕ್ಕೆ ದ್ವೀಪದ ದಾದಿ ಫೋನು ಮಾಡುತ್ತಾಳೆ. ಐವತ್ತರ ಮನುಷ್ಯನಿಗೆ ಎದೆನೋವು. ರೋಗಿ ಹತ್ತು ಗಂಟೆಗೆ ಮೌಂಟ್ ಐಸಾ ತಲುಪುವನೇ?

ಮೊದಲು ವಿಮಾನ ಎಲ್ಲಿದೆ ಎಂದು ನೋಡಬೇಕು. ಅದು ಬೇರೊಬ್ಬ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಹೋಗಿರಬಹುದು. ಪೈಲಟನ ದುಡಿಮೆಯ ಅವಧಿ ಮುಗಿಯುತ್ತ ಬಂದಿರಬಹುದು. ದಣಿದವನನ್ನು ಹಾರಿಸಲು ಕಾನೂನು ಬಿಡುವುದಿಲ್ಲ, ಬಿಡಲೂ ಬಾರದು. ವಿಮಾನ ನೆಲದ ಮೇಲೆಯೇ ಇತ್ತೆಂದರೂ, ಇಂಧನ ತುಂಬಿ, ಹವಾಮಾನ ನೋಡಿ, ವೈದ್ಯ, ದಾದಿ, ಸಾಮಗ್ರಿ ಸೇರಿ ಏರುವಷ್ಟರಲ್ಲಿ ಮುಕ್ಕಾಲು ಗಂಟೆ. ಅನಂತರ ದ್ವೀಪಕ್ಕೆ ಹೋಗುವುದು ಒಂದು ಗಂಟೆ. ಸಮಯಪಟ್ಟಿಯ ಲೆಕ್ಕ ಮರೆಯುವುದು ಇದನ್ನೇ: ವಿಮಾನ ರೋಗಿಯ ಬಳಿ ಇರುವುದಿಲ್ಲ, ಅದು ಮೊದಲು ಬರಬೇಕು. ದಾರಿ ಎರಡು ಪಟ್ಟು. ಇಳಿದ ಮೇಲೆ ನಿಲ್ದಾಣದಿಂದ ಆರೋಗ್ಯಕೇಂದ್ರಕ್ಕೆ. ಅಲ್ಲಿ ರೋಗಿಯನ್ನು ಪರೀಕ್ಷಿಸಿ, ಹಾರಾಟಕ್ಕೆ ತಕ್ಕ ಸ್ಥಿತಿಗೆ ತಂದು, ಕೊಳವೆಗಳನ್ನೂ ತಂತಿಗಳನ್ನೂ ಕಟ್ಟಿ ಸ್ಟ್ರೆಚರಿಗೆ ಏರಿಸುವುದಕ್ಕೆ ಮುಕ್ಕಾಲು ಗಂಟೆಯಿಂದ, ಕೃತಕ ಉಸಿರಾಟದ ಯಂತ್ರದಲ್ಲಿದ್ದರೆ ಒಂದೂವರೆ ಗಂಟೆಯ ವರೆಗೆ. ಮತ್ತೆ ಒಂದು ಗಂಟೆ ಹಾರಾಟ. ಆಮೇಲೆ ರಸ್ತೆಯ ಆಂಬ್ಯುಲೆನ್ಸು. ಎಲ್ಲವೂ ಸುಸೂತ್ರವಾದ ರಾತ್ರಿಗಳಲ್ಲಿ ನಾನು ಕಂಡದ್ದು ನಾಲ್ಕೂವರೆ, ಐದು ಗಂಟೆ. ಸುಸೂತ್ರವಾಗದ ರಾತ್ರಿಗಳೇ ಹೆಚ್ಚು.

ದನದ ಹಿಡುವಳಿಗಳ ಮಣ್ಣಿನ ಪಟ್ಟಿಯಾದರೆ ಇನ್ನೂ ಕೆಲಸವಿದೆ. ವಿಮಾನ ಇಳಿಯುವ ಮೊದಲು ಮನೆಯವರು ಜೀಪಿನಲ್ಲಿ ಪಟ್ಟಿಯ ಉದ್ದಕ್ಕೂ ಓಡಾಡಿ ಕಾಂಗರೂಗಳನ್ನೂ ದನಗಳನ್ನೂ ಅಟ್ಟಬೇಕು. ಊರಿನ ನಿಲ್ದಾಣಗಳಲ್ಲಿ ಪೈಲಟನು ಆಕಾಶದಿಂದಲೇ ರೇಡಿಯೋ ಗುಂಡಿ ಒತ್ತಿ ದೀಪಗಳನ್ನು ಹೊತ್ತಿಸಬಲ್ಲ, ಹಿಡುವಳಿಯಲ್ಲಿ ದೀಪವೆಲ್ಲಿ? ಶೌಚಾಲಯದ ಕಾಗದದ ಸುರುಳಿಗಳನ್ನು ಡೀಸೆಲಿನಲ್ಲಿ ನೆನೆಸಿ ತಗಡಿನ ಡಬ್ಬಿಗಳಲ್ಲಿಟ್ಟು, ಪಟ್ಟಿಯ ಎರಡೂ ಅಂಚಿಗೆ ಸಾಲಾಗಿ ಹೊತ್ತಿಸುವುದು ಅಲ್ಲಿನ ಹಳೆಯ ಉಪಾಯ. ಮೇಲಿನಿಂದ ಅದು ದೀಪಾವಳಿಯ ಹಣತೆಯ ಸಾಲಿನಂತೆಯೇ ಕಾಣುತ್ತದೆ. ಕೆಳಗೆ ಅದನ್ನು ಹೊತ್ತಿಸುತ್ತಿರುವ ಕೈಗಳು ಮಾತ್ರ ನಡುಗುತ್ತಿರುತ್ತವೆ. ಮಳೆಗಾಲದಲ್ಲಿ ಮಣ್ಣಿನ ಪಟ್ಟಿ ಕೆಸರಾಗಿ, ರಸ್ತೆ ಮುಳುಗಿ, ಹತ್ತಿರದ ಊರೂ ದ್ವೀಪವೇ ಆಗುತ್ತದೆ. 2023ರ ಮಾರ್ಚ್ ತಿಂಗಳ ಪ್ರವಾಹದಲ್ಲಿ ಬರ್ಕ್‌ಟೌನಿನ ಜನರನ್ನು ವಿಮಾನದಲ್ಲಿ ಊರಿನಿಂದ ಹೊರಗೆ ಸಾಗಿಸಬೇಕಾಯಿತು.

ಈ ಗಣಿತ ಚಿಕಿತ್ಸೆಯನ್ನು ಬದಲಿಸುತ್ತದೆ. ಹೃದಯಾಘಾತದಲ್ಲಿ ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವುದು ಉತ್ತಮ. ಆದರೆ ಸುಮಾರು ಎರಡು ಗಂಟೆಯೊಳಗೆ ಆಗುವುದಾದರೆ ಮಾತ್ರ. ಆಗದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಇದ್ದಲ್ಲಿಯೇ, ತಡಮಾಡದೆ ಕೊಡಬೇಕು. ‘ಒಂದು ಗಂಟೆಯ ಹಾರಾಟ’ ಎಂದು ನಂಬಿದ ವೈದ್ಯ ಕಾಯುತ್ತಾನೆ. ಐದು ಗಂಟೆ ಎಂದು ಬಲ್ಲವನು, ಇ.ಸಿ.ಜಿ. ನೋಡಿ, ಫೋನಿನಲ್ಲಿಯೇ ಮಾರ್ಗದರ್ಶನ ಮಾಡಿ, ದ್ವೀಪದ ದಾದಿಯ ಕೈಯಿಂದ ಆ ಮದ್ದನ್ನು ಕೊಡಿಸುತ್ತಾನೆ. ಅದಾದ ಮೇಲೆ ವಿಮಾನ ಬರಲಿ. ಟಕೆಟ್ ಮಾಸ್ತರನ ತಂತಿಗೂ ಇದಕ್ಕೂ ನೂರು ವರ್ಷದ ಅಂತರವಿದೆ, ಆದರೂ ವಿದ್ಯೆ ಅದೇ.

ಇನ್ನೊಂದು ವಿಚಿತ್ರವಿದೆ. ರೋಗ ಕೂಡ ವಿಮಾನದ ವೇಗವನ್ನು ಬದಲಿಸುತ್ತದೆ. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಮುಚ್ಚಿದ ಜಾಗದಲ್ಲಿರುವ ಅನಿಲ ಹಿಗ್ಗುತ್ತದೆ. ನಾವು ಪ್ರಯಾಣ ಮಾಡುವಾಗ ವಿಮಾನದ ಒಳಗಿನ ಒತ್ತಡ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ಇರಬಹುದು. ಆ ಒತ್ತಡದಲ್ಲಿ ಅನಿಲ ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. ತಮಗೂ ನನಗೂ ಅದರಿಂದ ಹೊಟ್ಟೆಯುಬ್ಬರವಷ್ಟೆ. ಆದರೆ ಪಕ್ಕೆಲುಬು ಮುರಿದು ಎದೆಗೂಡಿನೊಳಗೆ ಗಾಳಿ ಸೇರಿಕೊಂಡವನಿಗೆ ಅದು ಪ್ರಾಣಾಂತಿಕ. ಎದೆಗೆ ನಳಿಕೆ ಹಾಕದೆ ಅವನನ್ನು ಏರಿಸುವಂತಿಲ್ಲ. ಕೆಲವರನ್ನು ಸಮುದ್ರಮಟ್ಟದ ಒತ್ತಡದಲ್ಲಿಯೇ ಕರೆದೊಯ್ಯಬೇಕು. ಹಾಗೆ ಮಾಡಲು ವಿಮಾನ ಕೆಳಗಿನ, ದಟ್ಟವಾದ ಗಾಳಿಯಲ್ಲಿ ಹಾರಬೇಕು. ಆಗ ವೇಗ ಕಡಿಮೆ, ಇಂಧನ ಹೆಚ್ಚು. ಒಂದೇ ದಾರಿ, ಒಂದೇ ವಿಮಾನ, ಆದರೆ ಹೊತ್ತು ಒಬ್ಬೊಬ್ಬ ರೋಗಿಗೆ ಒಂದೊಂದು.

ತುರ್ತಿನ ಮಾತು ಇಷ್ಟು ಸಾಕು. ತುರ್ತಿಗೆ ವಿಮಾನ ಬಂದೇ ಬರುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು ತುರ್ತಲ್ಲದ ರೋಗಿಗಳ ಪ್ರಯಾಣ. ಕೀಲುನೋವಿನ ಜ್ವರದಿಂದ ಹೃದಯದ ಕವಾಟ ಕೆಡುವ ಕಾಯಿಲೆ ಈ ಊರುಗಳಲ್ಲಿ ಇಂದಿಗೂ ಇದೆ. ನಗರದಲ್ಲಿ ಕಲಿತ ಇಲ್ಲಿನ ಕಿರಿಯ ವೈದ್ಯರು ಅದನ್ನು ಪುಸ್ತಕದಲ್ಲಿ ಮಾತ್ರ ಕಂಡಿರುತ್ತಾರೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಕಲಿತ ನಮ್ಮಂಥವರಿಗೆ ಅದರ ಸದ್ದು ಸ್ಟೆತಾಸ್ಕೋಪು ಇಟ್ಟೊಡನೆ ಪರಿಚಯದ ದನಿಯಂತೆ ಕೇಳಿಸುತ್ತದೆ. ಹಾಗೆ ಕೇಳಿಸಿದ ಒಬ್ಬ ಯುವತಿಯನ್ನು ಕರಾವಳಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಹೃದಯದ ಸ್ಕ್ಯಾನಿಗಾಗಿ ಬರೆದುಕೊಟ್ಟೆ. ಬೆಳಗ್ಗೆ ಹತ್ತೂವರೆಗೆ ಹಾಜರಾಗಿರೆಂದು ಕಾಗದ ಬಂತು. ಇಪ್ಪತ್ತು ನಿಮಿಷದ ಪರೀಕ್ಷೆ. ಆ ವೇಳೆಗೆ ಅಲ್ಲಿರಬೇಕಾದರೆ ಆಕೆ ಹಿಂದಿನ ದಿನವೇ ಹೊರಡಬೇಕು. ವಿಮಾನ ಪ್ರತಿದಿನವೂ ಇಲ್ಲವಾದುದರಿಂದ ಮರಳುವುದು ಮೂರನೆಯ ದಿನವೋ ನಾಲ್ಕನೆಯ ದಿನವೋ. ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಮೊದಲ ಸಲ ಮಳೆಯಿಂದ ವಿಮಾನ ಇಳಿಯಲಿಲ್ಲ. ಎರಡನೆಯ ಸಲ ಕಾಗದ ತಲುಪಿದ್ದು ದಿನಾಂಕ ಕಳೆದ ಮೇಲೆ. ಆಸ್ಪತ್ರೆಯ ದಾಖಲೆಯಲ್ಲಿ ಎರಡೂ ಬಾರಿ ‘ಹಾಜರಾಗಲು ವಿಫಲ’ ಎಂದು ಬರೆದರು. ಎರಡು ಸಲ ವಿಫಲರಾದವರ ಹೆಸರನ್ನು ಪಟ್ಟಿಯಿಂದ ತೆಗೆಯುವುದು ಅಲ್ಲಿನ ನಿಯಮ, ತೆಗೆದರು.

ನಾನು ಫೋನು ಮಾಡಿದಾಗ ಆ ಕಡೆಯಿದ್ದವರು ಸಭ್ಯರಾಗಿಯೇ ಮಾತನಾಡಿದರು. ಹಾರಾಟ ಎರಡು ಗಂಟೆಯೊಳಗಿನದಲ್ಲವೇ ಎಂದು ಕೇಳಿದರು. ಅವರ ಕಂಪ್ಯೂಟರಿನಲ್ಲಿ ಆಕೆಯ ವಿಳಾಸದ ಮುಂದೆ ಇದ್ದುದು ನೇರ ದೂರ ಮಾತ್ರ. ಆ ವಿಮಾನ ಎಷ್ಟು ಕಡೆ ಇಳಿಯುತ್ತದೆ, ವಾರದಲ್ಲಿ ಯಾವ ದಿನ ಬರುತ್ತದೆ ಎಂಬುದು ಯಾವ ಅಂಕಣದಲ್ಲಿಯೂ ಇರಲಿಲ್ಲ. ಕೊನೆಗೆ ಆಕೆಯ ಸ್ಕ್ಯಾನು, ತಜ್ಞರ ಭೇಟಿ, ದಂತಪರೀಕ್ಷೆ ಮೂರನ್ನೂ ಒಂದೇ ಪ್ರಯಾಣಕ್ಕೆ ಹೊಂದಿಸಿ, ವಿಮಾನದ ದಿನ ನೋಡಿಕೊಂಡು ದಿನ ಗೊತ್ತುಮಾಡಿದರು. ಮರುವರ್ಷ ಕವಾಟದ ಶಸ್ತ್ರಚಿಕಿತ್ಸೆಯೂ ಆಯಿತು. ಹೀಗೆ ಹೊಂದಿಸಲು ಹಿಡಿದದ್ದು ಗುಮಾಸ್ತರೊಬ್ಬರ ಒಂದು ಮಧ್ಯಾಹ್ನ.

ಬಸುರಿಯರ ವಿಷಯವನ್ನು ಹೇಳದೆ ಇರಲಾರೆ. ನಮ್ಮಲ್ಲಿ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುತ್ತಾಳೆ. ಈ ಊರುಗಳಲ್ಲಿ ಹೆರಿಗೆಯ ವ್ಯವಸ್ಥೆ ಇಲ್ಲವಾದುದರಿಂದ, ದಿನ ತುಂಬುವುದಕ್ಕೆ ವಾರಗಳ ಮೊದಲೇ ಆಕೆ ತವರನ್ನು ಬಿಟ್ಟು ಹೊರಡಬೇಕು. ಮೌಂಟ್ ಐಸಾದಲ್ಲಿಯೋ ಕೇರ್ನ್ಸ್‌ನಲ್ಲಿಯೋ ಒಂದು ವಸತಿಗೃಹದಲ್ಲಿ, ಪರಿಚಯವಿಲ್ಲದವರ ನಡುವೆ, ನೋವು ಬರುವುದನ್ನು ಕಾಯುತ್ತ ಕೂರಬೇಕು. ವೈದ್ಯನಾಗಿ ಈ ಏರ್ಪಾಡಿಗೆ ಕಾರಣ ನನಗೆ ಗೊತ್ತು: ಹೆರಿಗೆಯ ಅನಂತರ ರಕ್ತಸ್ರಾವವಾದರೆ ಐದು ಗಂಟೆ ಕಾಯುವ ಹಾಗಿಲ್ಲ. ಆದರೂ ಮಗು ತನ್ನ ನೆಲದಲ್ಲಿ ಹುಟ್ಟಬೇಕೆಂಬುದು ಆ ಜನರಿಗೆ ಎಷ್ಟು ದೊಡ್ಡ ಮಾತು ಎಂಬುದನ್ನು ತವರು ಎಂಬ ಶಬ್ದವುಳ್ಳ ನಮಗೆ ಯಾರೂ ವಿವರಿಸಬೇಕಾಗಿಲ್ಲ. ವಾಯುದೂರ 445 ಕಿಲೋಮೀಟರು. ಆಕೆಯ ಲೆಕ್ಕದಲ್ಲಿ ಅದು ಒಂದು ತಿಂಗಳು.

ಮೂತ್ರಪಿಂಡ ಕೆಟ್ಟವರದು ಇನ್ನೂ ಕಠಿಣ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಯಾವ ವಿಮಾನವೂ ವಾರಕ್ಕೆ ಮೂರು ಸಲ ಒಯ್ದು ತರಲಾರದು. ಆದುದರಿಂದ ರೋಗಿ ಊರನ್ನೇ ಬಿಡಬೇಕು. ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ಐನೂರು ಕಿಲೋಮೀಟರಿಗೂ ಆಚೆ ಕಿಂಟೋರ್ ಎಂಬ ಊರಿದೆ. ಅಲ್ಲಿಯ ಪಿಂಟುಪಿ ಜನರಲ್ಲಿ ಉತ್ತಮ ಚಿತ್ರಕಾರರು ಅನೇಕರು. ತಮ್ಮ ಹಿರಿಯರು ಡಯಾಲಿಸಿಸ್‌ಗಾಗಿ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ, ಊರಿನ ಹಂಬಲದಲ್ಲಿ ಕೊರಗುವುದನ್ನು ಅವರು ನೋಡಿದರು. 2000ದಲ್ಲಿ ತಮ್ಮ ಚಿತ್ರಗಳನ್ನು ಸಿಡ್ನಿಯಲ್ಲಿ ಹರಾಜು ಹಾಕಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. 2004ರಲ್ಲಿ ಕಿಂಟೋರಿನಲ್ಲಿಯೇ ಡಯಾಲಿಸಿಸ್ ಯಂತ್ರ ಓಡತೊಡಗಿತು. ‘ಪರ್ಪಲ್ ಹೌಸ್’ ಎಂಬ ಹೆಸರಿನಿಂದ ಬೆಳೆದ ಆ ಸಂಸ್ಥೆ ಈಗ ಹಲವು ದೂರದ ಊರುಗಳಲ್ಲಿ ಇದೇ ಕೆಲಸ ಮಾಡುತ್ತಿದೆ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಿಂದ ಡಾಕ್ಟರ್ ಸುದರ್ಶನ್ ಅವರು ಕಟ್ಟಿದ ಸೇವೆಯನ್ನು ಬಲ್ಲವರಿಗೆ ಇದು ಹೊಸದೆನಿಸಲಾರದು. ರೋಗಿಯನ್ನು ಬೇಗ ಒಯ್ಯುವುದು ಹೇಗೆ ಎಂದು ನಾವು ಕೇಳುತ್ತಿದ್ದೆವು. ಒಯ್ಯಬೇಕೇ ಎಂದು ಆ ಚಿತ್ರಕಾರರು ಕೇಳಿದರು.

ಈ ಸಭೆಯಲ್ಲಿ ವೈದ್ಯಕೀಯ ಓದುತ್ತಿರುವ ನಮ್ಮ ಮಕ್ಕಳು ನಾಲ್ಕಾರು ಮಂದಿ ಕುಳಿತಿರುವುದನ್ನು ಕಾಣುತ್ತಿದ್ದೇನೆ. ಗ್ರಾಮಾಂತರದ ಸರದಿಗೆ ಅವರೂ ಹೋಗಬೇಕಾಗುತ್ತದೆ. ಹೋದ ಮೊದಲ ದಿನವೇ, ಆಸ್ಪತ್ರೆಯ ಕ್ಯಾಂಟೀನು ಎಲ್ಲಿದೆ ಎಂದು ವಿಚಾರಿಸಿದ ಮೇಲೆ, ಇಷ್ಟನ್ನು ಕೇಳಿ ಬರೆದಿಟ್ಟುಕೊಳ್ಳಲಿ. ನಮಗೆ ರೋಗಿಗಳನ್ನು ಕಳುಹಿಸುವ ಊರುಗಳ ರನ್‌ವೇ ಡಾಂಬರಿನದೋ ಮಣ್ಣಿನದೋ? ರಾತ್ರಿ ದೀಪವಿದೆಯೇ? ಎಷ್ಟು ಮಳೆಗೆ ಅದು ಮುಚ್ಚುತ್ತದೆ? ಪ್ರಯಾಣಿಕರ ವಿಮಾನ ಯಾವ ವಾರ ಬರುತ್ತದೆ, ಯಾವ ವಾರ ಮರಳುತ್ತದೆ? ಆಂಬ್ಯುಲೆನ್ಸ್ ವಿಮಾನ ರಾತ್ರಿ ತಂಗುವುದು ಎಲ್ಲಿ? ಇವನ್ನು ಹೇಳಬಲ್ಲವರು ಹೆಚ್ಚಾಗಿ ಆ ಊರಿನ ದಾದಿಯರು ಮತ್ತು ಪೈಲಟರು, ದೊಡ್ಡ ಡಾಕ್ಟರುಗಳಲ್ಲ.

ಸಮಿತಿಯವರು ಗಡಿಯಾರ ತೋರಿಸುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಉತ್ತರಿಸಲು ಸಿದ್ಧನಿದ್ದೇನೆ. ಸಕ್ಕರೆ ಕಾಯಿಲೆಯ ಪ್ರಶ್ನೆಗಳನ್ನು ಹೋಳಿಗೆಯಾದ ಮೇಲೆ ಕೇಳಬಹುದು.